ಸೋಡಾ ಫ್ಯಾಕ್ಟರಿಯಲ್ಲಿ ಸೋಸಿದ ಬಾವಿನೀರು

ಕಲ್ಯಾಣದುರ್ಗ
12-2-1963

ಶ್ರೀ ಪಾಪಯ್ಯನವರಿಗೆ ನಮಸ್ಕಾರ.

ಹನ್ನೆರಡು ವರ್ಷದ ಮೇಲೆ ಈ ಕೈಬರಹ ಕಂಡು ಲಕೋಟೆಯನ್ನು ಒಡೆಯದೆ ಒಲೆಗೆ ಹಾಕದಿದ್ದರೆ ಅದು ನಿಮ್ಮ ದೊಡ್ಡತನ. ನಾನು ಸುಖದುಃಖ ಹೇಳಿಕೊಳ್ಳಲು ಬರೆಯುತ್ತಿಲ್ಲ. ಕೆಲಸವಿದೆ.

ಬೆಳುಗುಪ್ಪದ ಆಚೆ ನಾವಿಬ್ಬರೂ ಪಾಠ ಹೇಳಿದ ಹಟ್ಟಿಯನ್ನು ನೀವು ಮರೆತಿರಲಾರಿರಿ. 1950ರ ಕಾಲರಾದಲ್ಲಿ ಹನ್ನೊಂದು ಜನ ಹೋದರು. ಆಮೇಲೆ ಕೆರೆ ಏರಿಯ ಕೆಳಗಿನ ಹಳೆಯ ಬಾವಿಗೆ ಚಪ್ಪಡಿ ಮುಚ್ಚಿಸಿ, ಡಿಸ್ಟ್ರಿಕ್ಟ್ ಬೋರ್ಡಿನವರ ಬೆನ್ನು ಬಿದ್ದು, ಬಂಡೆ ಸಿಡಿಸಿ ಎಂಬತ್ತು ಅಡಿಯ ಹೊಸ ಬಾವಿ ತೋಡಿಸಿದವನು ನಾನು. ಕನ್ನಡಿಯಂಥ ನೀರು ಬಂತು. ಇಷ್ಟು ವರ್ಷ ಅದರ ಹೆಮ್ಮೆಯಲ್ಲಿ ಬದುಕಿದ್ದೇನೆ.

ಕಳೆದ ತಿಂಗಳು ಹಟ್ಟಿಗೆ ಹೋಗಿದ್ದೆ. ಪೋತಪ್ಪನ ಹೆಂಡತಿ ನರಸಕ್ಕ ತನ್ನ ಮಗಳು ಪೋಲಮ್ಮನನ್ನು ನನ್ನ ಮುಂದೆ ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸುವಂತೆ ಬಿಡಿಸಿದಳು. ಎಂಟು ವರ್ಷದ ಹುಡುಗಿ. ಹೊಸದಾಗಿ ಬಂದ ಹಲ್ಲುಗಳ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಮಚ್ಚೆ, ನಡುವೆ ಕಂದು ಪಟ್ಟಿ.

“ದಿನಾ ಇದ್ಲು ಹಾಕಿ ಉಜ್ತೀನಿ ಮೇಷ್ಟ್ರೇ, ಹೋಗಲ್ಲ ಇದು. ನಿಮ್ ಬಾವಿ ಬಂದ್ಮೇಲೆ ಹುಟ್ಟಿದ್ ಮಕ್ಳಿಗೆಲ್ಲಾ ಹಿಂಗೇಯ. ನಮ್ಮತ್ತೆ ನಾರಮ್ಮ ನೋಡ್ರಿ, ಬೆನ್ನು ಎತ್ತಂಗಿಲ್ಲ, ಕತ್ತು ತಿರುಗ್ಸಂಗಿಲ್ಲ. ನಂಗೀಗ ಮೂರು ತಿಂಗ್ಳು. ಬರೋ ಕೂಸಿನ ಬಾಯಿಗೆ ಆ ನೀರು ಹಾಕಲ್ಲ ನಾನು. ನೀವೇ ತೋಡ್ಸಿದ್ದಲ್ವಾ? ಅದೇನ್ ಮಾಡ್ತೀರೋ ಮಾಡ್ರಿ!”

ನಾನು ಹೆಲ್ತ್ ಇನ್ಸ್‌ಪೆಕ್ಟರನ್ನು ಕರೆತಂದೆ. ಆತ ನೀರು ಪರೀಕ್ಷೆ ಮಾಡಿಸಿ, “ಕ್ರಿಮಿಲು ಲೇವು, ನೀಳ್ಳು ಬಾಗುನ್ನಾಯಿ”, ಕ್ರಿಮಿಯಿಲ್ಲ, ನೀರು ಚೆನ್ನಾಗಿದೆ ಎಂದು ತೆಲುಗಿನಲ್ಲಿ ಷರಾ ಬರೆದ. ಹಲ್ಲಿನ ಮಾತೆತ್ತಿದರೆ “ಎಲೆ ಅಡಿಕೆ ಜಾಸ್ತಿ ಇರಬೇಕು” ಎಂದ. ಎಂಟು ವರ್ಷದ ಮಗುವಿಗೆ ಎಲೆ ಅಡಿಕೆ! ನೆಲ್ಲೂರಿನ ಕಡೆ ಇಂಥದ್ದೇ ಕಾಯಿಲೆ ಇದೆಯೆಂದು ವೈದ್ಯರು ಇಪ್ಪತ್ತೈದು ವರ್ಷದ ಹಿಂದೆಯೇ ಬರೆದದ್ದು ನನಗೆ ಜ್ಞಾಪಕವಿದೆ, ಸಂಬಳ ಪಡೆಯುವವರಿಗೆ ಇಲ್ಲ. ನಾನೇ ಒಂದು ಬಾಟಲಿ ನೀರನ್ನು ಹೈದರಾಬಾದಿಗೆ ಕಳಿಸಿದೆ. ಉತ್ತರ ಬಂದಿದೆ. ನೀರಿನಲ್ಲಿ ಉಪ್ಪಿನ ಜೊತೆ ಫ್ಲೋರೈಡ್ ಎಂಬುದಿದೆ. ಹತ್ತು ಲಕ್ಷ ಭಾಗಕ್ಕೆ ಆರು ಭಾಗ. ಒಂದಕ್ಕಿಂತ ಹೆಚ್ಚಾದರೆ ಕೆಟ್ಟದ್ದು.

ನಿಮ್ಮ ಸೋಡಾ ಫ್ಯಾಕ್ಟರಿಯಲ್ಲಿ ನೀರು ಸೋಸುವ ಕ್ಯಾಂಡಲ್‌ಗಳಿವೆ ಎಂದು ಕೇಳಿದ್ದೇನೆ. ಎರಡು ಕಳಿಸಿ, ಉಪಯೋಗಿಸುವ ಕ್ರಮ ಬರೆಯಿರಿ. ಕೂಸು ಆಷಾಢದ ಹೊತ್ತಿಗೆ ಹುಟ್ಟುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲು. ನಮಗಿರುವ ವಾಯಿದೆ ಅಷ್ಟೇ.

ಇಂತು,
ಕೆ. ಉಗ್ರಪ್ಪ


ಹಿಂದೂಪುರ
3-3-1963

ಶ್ರೀ ಉಗ್ರಪ್ಪನವರಿಗೆ ನಮಸ್ಕಾರ.

ಕ್ಯಾಂಡಲ್ ಕಳಿಸುವುದಿಲ್ಲ. ಸಿಟ್ಟಿಗಲ್ಲ. ಅದರಿಂದ ಪ್ರಯೋಜನವಿಲ್ಲ.

ಜರಡಿಯ ಮಾತು ಇದು. ಸೀರೆಯ ಅಂಚಿನಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ಕೆಸರಿನ ಬಣ್ಣ ನೀರಿನ ಜೊತೆಗೇ ಕೆಳಗಿಳಿಯುತ್ತದೆ. ನಮ್ಮ ಕ್ಯಾಂಡಲ್ಲು ಸುಟ್ಟ ಪಿಂಗಾಣಿ ಮಣ್ಣಿನದು. ಅದರ ತೂತು ಕಣ್ಣಿಗೆ ಕಾಣುವುದಿಲ್ಲ. ಕೆಸರು ನಿಲ್ಲುತ್ತದೆ, ಕಾಲರಾದ ಕ್ರಿಮಿಯೂ ನಿಲ್ಲುತ್ತದೆ. ಈಗ ಅದಕ್ಕಿಂತ ನಯವಾದ ಕಾಗದದಂಥ ಬಿಲ್ಲೆ ಬಂದಿದೆ. ನಮ್ಮ ಸೋಡಾ ನೀರಿನ ಪರೀಕ್ಷೆಗೆ ಬಂದವರು ಅದರ ಮೂಲಕ ನೀರು ಇಳಿಸಿ, ಬಿಲ್ಲೆಯನ್ನು ಕ್ರಿಮಿಯ ಆಹಾರ ಹಚ್ಚಿದ ತಟ್ಟೆಯಲ್ಲಿ ಒಂದು ದಿನ ಬೆಚ್ಚಗೆ ಇಡುತ್ತಾರೆ. ಸಿಕ್ಕಿಬಿದ್ದ ಒಂದೊಂದು ಕ್ರಿಮಿಯೂ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಚುಕ್ಕೆ ಎಣಿಸಿದರಾಯಿತು. ನಿಮ್ಮ ಇನ್ಸ್‌ಪೆಕ್ಟರು ಸುಳ್ಳು ಹೇಳಿಲ್ಲ. ಆ ನೀರಿನಲ್ಲಿ ಚುಕ್ಕೆಯಿಲ್ಲ.

ಆದರೆ ಉಪ್ಪು ನೀರಿನಲ್ಲಿ ತೇಲುವ ವಸ್ತುವಲ್ಲ, ಕರಗಿದ ವಸ್ತು. ಕ್ರಿಮಿ ಕುಂಬಳಕಾಯಿಯಾದರೆ ಉಪ್ಪಿನ ಕಣ ಸಾಸಿವೆಗಿಂತ ಚಿಕ್ಕದು. ನೀರು ಎಲ್ಲಿ ನುಸುಳುತ್ತದೋ ಅದೂ ಅಲ್ಲಿ ನುಸುಳುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಅಂದಹಾಗೆ, ನೀವು ಬರೆಯದ ಒಂದು ಸಂಗತಿ ನನಗೆ ಜ್ಞಾಪಕವಿದೆ. ಹೊಸ ಬಾವಿಯ ಮೊದಲ ಕೊಡ ನೀರನ್ನು ಬಾಯಿಗೆ ಹಾಕಿಕೊಂಡು, ಈ ನೀರಿನಲ್ಲಿ ಏನೋ ಇದೆ, ಹಳೆಯ ಬಾವಿಯ ಚಪ್ಪಡಿ ತೆಗೆಸಿ, ಶುದ್ಧಮಾಡಿ ಇಟ್ಟುಕೊಳ್ಳೋಣ ಎಂದು ಒಬ್ಬ ಮೇಷ್ಟ್ರು ಹೇಳಿದ್ದ. ಮೂಢನಂಬಿಕೆ ಹರಡುತ್ತಾನೆ ಎಂದು ಅವನ ಮೇಲೆ ಮೇಲಧಿಕಾರಿಗೆ ಅರ್ಜಿ ಹೋಯಿತು. ವರ್ಗವಾಯಿತು. ಅವನು ಕೆಲಸ ಬಿಟ್ಟು ಮಾವನ ಸೋಡಾ ಫ್ಯಾಕ್ಟರಿ ಸೇರಿದ. ಅರ್ಜಿಯ ಅಕ್ಷರ ನಿಮ್ಮಿಂದ ಬಂದ ಈ ಲಕೋಟೆಯ ಮೇಲಿನ ಅಕ್ಷರವೇ.

ಆ ಹೆಂಗಸಿನ ಕೂಸಿಗಾಗಿ ಉತ್ತರ ಬರೆದಿದ್ದೇನೆ.

ಪಾಪಯ್ಯ


ಕಲ್ಯಾಣದುರ್ಗ
20-4-1963

ಪಾಪಯ್ಯನವರೇ,

ಉಪ್ಪನ್ನು ಸೋಸಿದ್ದೇನೆ!

ನುಸುಳುತ್ತದೆ ಎಂದಿರಲ್ಲ, ಆ ಮಾತನ್ನೇ ಹಿಡಿದುಕೊಂಡೆ. ಹಳೆಯ ಕಾಲೇಜು ಪುಸ್ತಕವೊಂದರಲ್ಲಿ ಹುಡುಕಿದೆ. ಪ್ರಾಣಿಯ ಪೊರೆಯಲ್ಲಿ ಗಂಜಿಯನ್ನೂ ಉಪ್ಪನ್ನೂ ಕೂಡಿಸಿ ಕಟ್ಟಿ ಸಿಹಿನೀರಿನಲ್ಲಿ ನೇತುಹಾಕಿದರೆ ಗಂಜಿ ದಪ್ಪ ಕಣವಾದ್ದರಿಂದ ಒಳಗೇ ಉಳಿಯುತ್ತದೆ, ಉಪ್ಪು ಹೊರಗೆ ಹೋಗುತ್ತದೆ. ಪೊರೆಗೆ ಎಲ್ಲಿ ಹೋಗಲಿ? ಧರ್ಮಾವರದ ಕಡೆಯ ತೊಗಲುಗೊಂಬೆಯವರು ಊರಿಗೆ ಬಂದಿದ್ದರು. ಬಣ್ಣ ಹಚ್ಚದ ಮೇಕೆ ತೊಗಲು ಕೇಳಿದೆ. ಎತ್ತಿ ಹಿಡಿದರೆ ಬಿಸಿಲು ಆಚೆ ಕಾಣುವಷ್ಟು ತೆಳು. “ಏನ್ ಸ್ವಾಮೀ, ಈ ವಯಸ್ಸಲ್ಲಿ ರಾಮನ್ನ ಆಡಿಸ್ತೀರಾ, ರಾವಣನ್ನ ಆಡಿಸ್ತೀರಾ?” ಎಂದು ಆ ಮುದುಕ ನಕ್ಕ. ನಗಲಿ.

ಬಾವಿನೀರನ್ನು ತೊಗಲಿನಲ್ಲಿ ಕಟ್ಟಿ ಸಿಹಿನೀರಿನ ಕೊಳಗದಲ್ಲಿ ಇಳಿಬಿಟ್ಟೆ. ಹೊತ್ತುಹೊತ್ತಿಗೆ ಹೊರಗಿನ ನೀರು ಬದಲಾಯಿಸಿದೆ. ಹೈಸ್ಕೂಲಿನಿಂದ ಸಿಲ್ವರ್ ನೈಟ್ರೇಟ್ ತಂದು ಹನಿ ಹಾಕಿ ನೋಡಿದೆ. ಮೊದಲ ದಿನ ಚೀಲದ ನೀರು ಮೊಸರಿನಂತೆ ಬೆಳ್ಳಗಾಯಿತು, ಅಂದರೆ ಉಪ್ಪಿದೆ. ನಾಲ್ಕನೆಯ ದಿನ ಬರೀ ಮಬ್ಬು. ಬಾಯಿಗೆ ಹಾಕಿಕೊಂಡೆ. ಸಿಹಿ! ಸ್ವಲ್ಪ ಮೇಕೆಯ ವಾಸನೆ, ಅಷ್ಟೆ.

ಮಂತ್ರಿಗಳಿಗೆ ಏಳು ಪುಟದ ಅರ್ಜಿ ಸಿದ್ಧವಾಗಿದೆ. ಹಟ್ಟಿಯ ಮನೆಮನೆಗೆ ಒಂದು ತೊಗಲು ಚೀಲ. ಮದ್ರಾಸಿನವರಿಗೂ ಬರೆದೆ, ಕರ್ನೂಲಿನವರಿಗೂ ಬರೆದೆ, ಈಗ ಹೈದರಾಬಾದಿನವರಿಗೆ. ರಾಜಧಾನಿ ಮೂರಾದವು, ಒಬ್ಬರೂ ಪೂರ್ತಿ ಓದಿಲ್ಲ. ಇದನ್ನಾದರೂ ಓದಿಯೇ ತೀರಬೇಕು.

ಉಗ್ರಪ್ಪ


(ಅಂಚೆ ಕಾರ್ಡು)
ಹಿಂದೂಪುರ
27-4-1963

ಉಗ್ರಪ್ಪನವರಿಗೆ,

ಅರ್ಜಿಯನ್ನು ಡಬ್ಬಕ್ಕೆ ಹಾಕುವ ಮುಂಚೆ ಉತ್ತರಿಸಿ. ಚೀಲದ ಒಳಗಿದ್ದ ನೀರು ಎಷ್ಟು? ಹೊರಗೆ ಬದಲಾಯಿಸಿದ ಸಿಹಿನೀರು ಎಷ್ಟು? ಆ ಸಿಹಿನೀರನ್ನೇ ಹಟ್ಟಿಯವರಿಗೆ ಕುಡಿಸಬಾರದಿತ್ತೆ?

ಈ ಬೇಸಗೆಯಲ್ಲಿ ಅದನ್ನು ಎಲ್ಲಿಂದ ತಂದಿರಿ?

ಪಾಪಯ್ಯ


ಕಲ್ಯಾಣದುರ್ಗ
9-6-1963

ಪಾಪಯ್ಯ,

ಆರು ವಾರ ಉತ್ತರ ಬರೆಯಲಿಲ್ಲ. ನಿಮ್ಮ ಕಾರ್ಡನ್ನು ನನಗಿಂತ ಮುಂಚೆ ಪೋಸ್ಟ್‌ಮನ್ ಓದಿಕೊಂಡಿದ್ದ. ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಚೀಲದಲ್ಲಿ ಎರಡು ಸೇರು. ಹೊರಗೆ ನಾಲ್ಕು ಕೊಡ. ನಾಲ್ಕು ಕೊಡ ಒಳ್ಳೆಯ ನೀರನ್ನು ಅಂಗಳಕ್ಕೆ ಚೆಲ್ಲಿ ಎರಡು ಸೇರು ಮೇಕೆ ನೀರು ಮಾಡಿದ್ದೇನೆ. ಅರ್ಜಿ ಹರಿದು ಹಾಕಿದ್ದೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಆ ನೀರು ತಂದದ್ದು ಹಳೆಯ ಬಾವಿಯಿಂದ. ಪೋತಪ್ಪನನ್ನು ಕರೆದುಕೊಂಡು ಹೋಗಿ ಚಪ್ಪಡಿ ಸರಿಸಿ ಸೇದಿಸಿದೆ. ಪಾಚಿ, ಕಪ್ಪೆ, ಒಣಗಿದ ಎಲೆ ಎಲ್ಲವೂ ಇತ್ತು. ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ ಕೊಳಗಕ್ಕೆ ಸುರಿದೆ. ತೊಗಲಿನ ಒಳಗೇನು ನಡೆಯುತ್ತಿದೆ ಎಂದು ನೋಡುವ ಭರದಲ್ಲಿ ಹೊರಗಿದ್ದುದನ್ನು ನೋಡಲಿಲ್ಲ. ನಿಮ್ಮ ಕಾರ್ಡು ಬಂದ ಮೇಲೆ ಅದನ್ನೂ ಹೈದರಾಬಾದಿಗೆ ಕಳಿಸಿದೆ. ಹತ್ತು ಲಕ್ಷಕ್ಕೆ ಅರ್ಧ ಭಾಗ. ಪಾಪಯ್ಯ, ಅರ್ಧ ಭಾಗ! ಅದು ಕೆರೆಯಿಂದ ಜಿನುಗಿದ ಮಳೆನೀರು. ಬಂಡೆಯ ಆಳದ ನೀರಲ್ಲ.

ನೇರವಾಗಿ ಪಂಚಾಯ್ತಿ ಪ್ರೆಸಿಡೆಂಟ್ ಬೈಲಪ್ಪನ ಹತ್ತಿರ ಹೋದೆ. ಹಳೆಯ ಬಾವಿ ತೆಗೆಸಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಅಲ್ಲ ಮೇಷ್ಟ್ರೇ, ಹನ್ನೊಂದ್ ಹೆಣ ಬಿದ್ದಿದ್ದು ಆ ಬಾವಿಂದ. ಮುಚ್ಸಿದ್ದು ನೀವು. ಈಗ ಕಪ್ಪೆ ನೀರು ಒಳ್ಳೇದು, ಕನ್ನಡಿ ನೀರು ಕೆಟ್ಟದ್ದು ಅಂತ ಬಂದ್ಬುಟ್ರಲ್ಲ, ರಿಟೈರಾದ್ಮೇಲೆ ತಲೆ ಗಿಲೆ ಕೆಟ್ಟೈತಾ? ಹೊಸ ಬಾವಿ ನೀರಾಗೆ ಅದೇನೋ ಐತೆ ಅಂತೀರಲ್ಲ, ತೆಗ್ದು ಕೈಗೆ ಕೊಡ್ರಿ ನೋಡಾನ. ಕಾಗ್ದ ತೋರುಸ್ಬ್ಯಾಡ್ರಿ.”

ಅವನು ಕೇಳಿದ್ದು ತಪ್ಪಲ್ಲ. ಕಣ್ಣಿಗೆ ಕಾಣದ್ದನ್ನು ತೆಗೆದು ಕೈಗೆ ಕೊಡುವುದು ಹೇಗೆ?

ಉಗ್ರಪ್ಪ


ಹಿಂದೂಪುರ
30-8-1963

ಉಗ್ರಪ್ಪ,

ಇಷ್ಟು ದಿನ ಸುಮ್ಮನಿರಲಿಲ್ಲ.

ನನ್ನ ಭಾಮೈದ ಗಿರಿಯಪ್ಪ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಗಾಜಿನ ಕೊಳವೆ ಊದುವ ಕೆಲಸದಲ್ಲಿದ್ದಾನೆ. ಅಲ್ಲಿಯ ಕೆಮಿಸ್ಟೊಬ್ಬರು ಅಮೆರಿಕದ ಪತ್ರಿಕೆ ಓದಿ ಒಂದು ಹೊಸ ಪೊರೆ ತಯಾರಿಸುತ್ತಿದ್ದಾರಂತೆ. ಹತ್ತಿಯ ನಾರಿನಿಂದ ಮಾಡಿದ ಅಂಟನ್ನು ಗಾಜಿನ ಹಲಗೆಯ ಮೇಲೆ ದೋಸೆಯಂತೆ ತೆಳ್ಳಗೆ ಎಳೆದು, ಐಸು ನೀರಿನಲ್ಲಿ ಮುಳುಗಿಸಿ, ಆಮೇಲೆ ಬಿಸಿ ನೀರಿನಲ್ಲಿ ಹದ ಮಾಡುತ್ತಾರೆ. ನಿನ್ನ ತೊಗಲು ಉಪ್ಪನ್ನು ಬಿಡುತ್ತದೆ, ಗಂಜಿಯನ್ನು ಹಿಡಿಯುತ್ತದೆ. ಈ ಪೊರೆ ಉಪ್ಪನ್ನೇ ಹಿಡಿಯುತ್ತದೆ, ನೀರನ್ನು ಮಾತ್ರ ಬಿಡುತ್ತದೆ. ಆದರೆ ಸುಮ್ಮನೆ ಬಿಡುವುದಿಲ್ಲ. ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಕಾಯಿಯ ನೀರೆಲ್ಲ ಉಪ್ಪಿನ ಕಡೆಗೆ ಬರುತ್ತದಲ್ಲ, ನೀರಿನ ಸ್ವಭಾವ ಅದು. ಅದನ್ನು ಉಪ್ಪಿನಿಂದ ಈಚೆಗೆ ತರಬೇಕಾದರೆ ಹಿಂದಿನಿಂದ ಬಲವಾಗಿ ಒತ್ತಬೇಕು. ಲಾರಿ ಟೈರಿನ ಗಾಳಿಯ ಆರೇಳರಷ್ಟು ಒತ್ತಡ ಬೇಕಂತೆ.

ಒತ್ತಡಕ್ಕೆ ಏನು ಮಾಡುವುದೆಂದು ಗಿರಿಯಪ್ಪ ತಲೆ ಕೆರೆದುಕೊಂಡ. ನಾನು ನಕ್ಕೆ. ನನ್ನ ಅನ್ನವೇ ಒತ್ತಡದ್ದು. ಸೋಡಾಕ್ಕೆ ತುಂಬುವ ಗ್ಯಾಸಿನ ಸಿಲಿಂಡರು ಮನೆಯಲ್ಲೇ ಇದೆ.

ದಪ್ಪನೆಯ ಹಿತ್ತಾಳೆ ಪಾತ್ರೆಯೊಂದನ್ನು ಕೊರೆಸಿ, ತಳದಲ್ಲಿ ಜಾಲರಿಯ ಬಿಲ್ಲೆ ಕೂಡಿಸಿ, ಅದರ ಮೇಲೆ ಪೊರೆ ಹಾಸಿದೆವು. ಪೊರೆಯನ್ನು ನೀರಿನ ಜಾಡಿಯಲ್ಲೇ ರೈಲಿನಲ್ಲಿ ತಂದಿದ್ದ. ಒಣಗಿದರೆ ಕೆಟ್ಟಿತು. ಒಂದು ತುಂಡು ಹರಿಯಿತು. ಇನ್ನೊಂದನ್ನು ನನ್ನ ಹೆಂಡತಿ ಹಪ್ಪಳವೆಂದು ಹಿತ್ತಿಲಿನಲ್ಲಿ ಒಣಹಾಕಿ, “ಜಾಡಿಯಾಗೆ ಇಟ್ರೆ ಮುಗ್ಗು ಬರಲ್ವೇನ್ರೀ?” ಎಂದು ನನಗೇ ಬೈದಳು. ಮೂರನೆಯದು ನಿಂತಿತು. ಹಟ್ಟಿಯಿಂದ ತರಿಸಿಟ್ಟಿದ್ದ ನಿನ್ನ ಬಾವಿಯ ನೀರು ತುಂಬಿ, ಮೇಲಿನಿಂದ ಗ್ಯಾಸು ಬಿಟ್ಟೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕೆಳಗಿನ ನಳಿಗೆಯಿಂದ ಒಂದು ಹನಿ. ಸಂಜೆಯ ಹೊತ್ತಿಗೆ ಒಂದು ಲೋಟ.

ಕುಡಿದೆ. ಉಪ್ಪಿಲ್ಲ. ಆದರೆ ಮೂಗಿಗೆ ಏರಿತು, ತೇಗು ಬಂತು. ಉಪ್ಪನ್ನು ತಡೆದ ಪೊರೆ ಗ್ಯಾಸನ್ನು ತಡೆದಿರಲಿಲ್ಲ. ಹಟ್ಟಿಯ ಬಾವಿಯ ನೀರು ಸೋಡಾ ಆಗಿ ಬಂದಿತ್ತು!

ಒಂದು ಲೋಟದಿಂದ ಹಟ್ಟಿಯ ದಾಹ ತೀರುವುದಿಲ್ಲ. ಆ ಪೊರೆ ನಮ್ಮ ಬಾವಿಗಳ ಬಳಿಗೆ ಬರಲು ಇನ್ನೂ ಎಷ್ಟು ವರ್ಷವೋ. ಆದರೆ ಬೈಲಪ್ಪ ಕೇಳಿದ್ದನ್ನು ಅವನ ಕೈಗೆ ಕೊಡಬಹುದು. ಕಾದ ಹೆಂಚಿನ ಮೇಲೆ ಬಾವಿನೀರು ಹನಿಸಿದೆ. ಆರಿದ ಮೇಲೆ ಬಿಳಿ ಉಂಗುರ ಉಳಿಯಿತು. ಕ್ಯಾಂಡಲ್ಲಿನಲ್ಲಿ ಸೋಸಿದ್ದನ್ನು ಹನಿಸಿದೆ. ಅದೇ ಉಂಗುರ. ಪೊರೆಯಿಂದ ಬಂದದ್ದನ್ನು ಹನಿಸಿದೆ. ಹೆಂಚು ಕಪ್ಪಗೇ ಇತ್ತು.

ಬಾಟಲಿಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾನು ಬರುವುದಿಲ್ಲ. ಆ ಊರಿಗೆ ನಾನು ಏಕೆ ಬರುವುದಿಲ್ಲ ಎಂದು ನಿನಗೆ ಗೊತ್ತು.

ನರಸಕ್ಕನಿಗೆ ಏನಾಯಿತು?

ಪಾಪಯ್ಯ


ಹಟ್ಟಿ, ಬೆಳುಗುಪ್ಪ ಮಾರ್ಗ
14-10-1963

ಪಾಪಯ್ಯ ಮೇಷ್ಟ್ರಿಗೆ ನರಸಕ್ಕ ಮಾಡೋ ಶರಣು.

ಬರಿಯೋರು ಪದ್ಮಾವತಮ್ಮ ಟೀಚರು, ಹೇಳೋಳು ನಾನು. ಹೇಳ್ದಂಗೇ ಬರೀರಮ್ಮ, ತಿದ್ದಬ್ಯಾಡಿ ಅಂದಿವ್ನಿ.

ಹೆಣ್ಣು ಕೂಸು. ಉಡುಸಲಮ್ಮ ಅಂತ ಹೆಸರು ಮಡಗಿವ್ನಿ. ಮೂರು ತಿಂಗ್ಳಾಯ್ತು. ಇನ್ನೂ ಎದೆ ಹಾಲೇಯ.

ಉಗ್ರಪ್ಪ ಮೇಷ್ಟ್ರು ತಮಗೆ ಸಭೆ ಸಂಗ್ತಿ ಬರೆಯಲ್ಲ ಅಂತ ಗೊತ್ತು, ಅದ್ಕೇ ನಾನು ಬರೆಸ್ತಾ ಇವ್ನಿ. ಚಾವ್ಡಿ ಮುಂದೆ ಊರೆಲ್ಲಾ ಸೇರಿತ್ತು. ನಮ್ಮನೆ ರೊಟ್ಟಿ ಹೆಂಚು ತಂದು ಒಲೆ ಮ್ಯಾಲಿಟ್ಟೆ. ಮೇಷ್ಟ್ರು ಒಂದೊಂದೇ ಬಾಟ್ಲಿ ಬಿಚ್ಚಿ ಹನಿ ಹಾಕುದ್ರು. ಸೋಡಾ ಬಾಟ್ಲಿ ಗೋಲಿ ಒತ್ತಿದ ಸದ್ದಿಗೇ ಜನ ಬೆಚ್ಚಿಬಿದ್ರು. ಬಾವಿ ನೀರು ಬೆಳ್ಳಗೆ ಉಂಗ್ರ ಬಿಡ್ತು. ಬೈಲಪ್ಪ ಅದ್ನ ಉಗುರಾಗೆ ಕೆರೆದು ನಾಲಿಗೆಗಿಟ್ಕಂಡು, “ಉಪ್ಪು ಕಣ್ರಲಾ!” ಅಂದ. ಸೋಡಾ ನೀರು ಏನೂ ಬಿಡ್ಲಿಲ್ಲ. ಹಳೆ ಬಾವಿದು ಒಂಚೂರು ಮಾಸಲು, ಅಷ್ಟೇಯ.

ಆಗ ಬೈಲಪ್ಪ, “ಆಯ್ತಪ್ಪ, ಇದ್ರಾಗೆ ಉಪ್ಪು, ಅದ್ರಾಗೆ ಕಾಲರಾ. ಯಾವ್ದು ಕುಡ್ದು ಸಾಯಾನ ನೀವೇ ಹೇಳ್ರಿ” ಅಂದ. ಎಲ್ರೂ ನಕ್ರು. ನಂಗೆ ರೇಗೋಯ್ತು. ಎದ್ದು ನಿಂತ್ಕಂಡು ಕೇಳ್ದೆ: “ಅಣ್ಣಾ, ರಾಗೀಲಿ ಹೊಟ್ಟು ಕಲ್ಲು ಇದ್ರೆ ಏನ್ ಮಾಡ್ತೀಯ? ಕೇರ್ತೀಯ, ಆರುಸ್ತೀಯ. ಬೀಸಿದ ಹಿಟ್ಟಿಗೆ ಉಪ್ಪು ಬಿದ್ರೆ ಕೇರ್ತೀಯಾ? ನಿನ್ ಹೆಂಡ್ರನ್ನ ಕೇಳು. ಹಳೆ ಬಾವಿ ಕೊಳೆ ನಮ್ ಕೈಗೆ ಸಿಗೋ ಕೊಳೆ. ಬಟ್ಟೆಗೆ ಸಿಗ್ತದೆ, ಬೆಂಕಿಗೆ ಸಿಗ್ತದೆ. ಇದು ಸಿಗಲ್ಲ.” ಹೆಂಗುಸ್ರೆಲ್ಲ ಹೌದೌದು ಅಂದ್ರು.

ಆಮ್ಯಾಕೆ ಮೇಷ್ಟ್ರು ನಿಂತ್ರು. ಯಾವಾಗ್ಲೂ ಕೂಗ್ತಾರಲ್ಲ, ಅವತ್ತು ಕೂಗ್ಲಿಲ್ಲ. “ಈ ಬಾವಿ ತೋಡಿಸಿದ್ದು ನಾನು. ಬೇಡ ಅಂದವರು ಪಾಪಯ್ಯ ಮೇಷ್ಟ್ರು. ಅವರ ಮಾತು ಕೇಳಲಿಲ್ಲ. ಅರ್ಜಿ ಬರೆದು ಅವರಿಗೆ ಊರು ಬಿಡಿಸಿದೆ. ಅವರು ಕಂಡಿದ್ದು ಸರಿ, ನಾನು ಮಾಡಿದ್ದು ತಪ್ಪು” ಅಂದು ಕೂತ್ಕಂಡ್ರು. ನಮ್ಮತ್ತೆ ಕೂತಲ್ಲಿಂದ್ಲೇ, “ಈಗ್ಲಾದ್ರೂ ಹೇಳ್ದಲ್ಲಪ್ಪ” ಅಂದ್ಳು.

ಹಳೆ ಬಾವಿ ಹೂಳು ತೆಗ್ದಾಯ್ತು. ಸುತ್ತ ಕಟ್ಟೆ ಕಟ್ತಾವ್ರೆ, ದನ ಹೋಗ್ದಂಗೆ.

ತಾವು ಒಂದ್ಸಲ ಬರ್ರಿ ಮೇಷ್ಟ್ರೇ. ಸುಮ್ನೆ ಬರ್ರಿ.

ನರಸಕ್ಕನ ಹೆಬ್ಬೆಟ್ಟು


ಹಿಂದೂಪುರ
18-12-1963

ಉಗ್ರಪ್ಪ,

ಹಳೆಯ ಬಾವಿಯ ನೀರನ್ನು ನಮ್ಮ ಸೋಡಾ ಪರೀಕ್ಷೆಯವರ ಕೈಯಲ್ಲೇ ಬಿಲ್ಲೆಗೆ ಹಾಕಿಸಿದೆ. ಸೇದಿದ ನೀರಿನಲ್ಲಿ ನಲವತ್ತೊಂದು ಚುಕ್ಕೆ. ಬ್ಲೀಚಿಂಗ್ ಪೌಡರ್ ಹಾಕಿ, ಬಟ್ಟೆಯಲ್ಲಿ ಸೋಸಿ, ಕ್ಯಾಂಡಲ್ಲಿನಿಂದ ಇಳಿಸಿದ ನೀರಿನಲ್ಲಿ ಒಂದೂ ಇಲ್ಲ. ನಾನೇ ಮೂರು ಸಲ ಎಣಿಸಿದೆ. ಇಲ್ಲದ್ದನ್ನು ಎಣಿಸುವುದು ಎಷ್ಟು ಸಂತೋಷದ ಕೆಲಸ!

ಆರು ಕ್ಯಾಂಡಲ್ ಕಳಿಸುತ್ತಿದ್ದೇನೆ. ಈಗ ಇವಕ್ಕೆ ಕೆಲಸವಿದೆ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಮೆತ್ತಗೆ ಉಜ್ಜಿ ಕುದಿಸಬೇಕು. ಬಿರುಕು ಬಿಟ್ಟದ್ದನ್ನು ಎಸೆಯಬೇಕು. ಸೋಸಿದ್ದರೂ ಕೂಸಿಗೆ ಕೊಡುವುದನ್ನು ಕಾಯಿಸಿಯೇ ಕೊಡಲಿ.

ನರಸಕ್ಕ ಬರೆಸಿದ ಪತ್ರ ಬಂತು. ಎರಡು ತಿಂಗಳು ಜೇಬಿನಲ್ಲೇ ಇದೆ. ನೀನು ಸಭೆಯಲ್ಲಿ ಹೇಳಿದ್ದನ್ನು ನನಗೆ ಏಕೆ ಬರೆಯಲಿಲ್ಲ ಎಂದು ಕೇಳುವುದಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ಯಾಂಡಲ್ ಕೂಡಿಸುವುದು ನಿನ್ನಿಂದಾಗುವ ಕೆಲಸವಲ್ಲ.

ಪಾಪಯ್ಯ


ಕಲ್ಯಾಣದುರ್ಗ
21-12-1969

ಪ್ರಿಯ ಪಾಪಯ್ಯ,

ಹೋದ ತಿಂಗಳು ನೀನು ಬಂದು ಹೋದ ಮೇಲೆ ಬರೆಯಬೇಕಾದ ಸುದ್ದಿ ಇದು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ಗಾಬರಿಯಾಗಬೇಡ.

ಹಟ್ಟಿಯಲ್ಲಿ ಎಲ್ಲವೂ ನಾವು ಅಂದುಕೊಂಡ ಹಾಗೆ ಇಲ್ಲ. ಬೇಸಗೆಯಲ್ಲಿ ನಡೆಯಲಾರದವರು ಇನ್ನೂ ಹೊಸ ಬಾವಿಗೇ ಹೋಗುತ್ತಾರೆ. ಬ್ಲೀಚಿಂಗ್ ಪೌಡರ್ ಮುಗಿದರೆ ತರಿಸಲು ನಾನು ಪಂಚಾಯ್ತಿ ಸಮಿತಿಯ ಆಫೀಸಿನ ಬಾಗಿಲಲ್ಲಿ ಕೂಗಾಡಬೇಕು. ಆ ಗುಮಾಸ್ತ ನನ್ನನ್ನು ಕಂಡರೆ ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ಈಗ ಹಿಂದಿನ ಬಾಗಿಲಿನಲ್ಲೇ ನಿಲ್ಲುತ್ತೇನೆ. ಪೋಲಮ್ಮನಿಗೆ ಹದಿನೈದು. ಅವಳ ಹಲ್ಲು ಇನ್ನು ಯಾವಾಗಲೂ ಹಾಗೆಯೇ. ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಮೊದಲನೆಯವಳು. ನನ್ನನ್ನು ಕಂಡರೆ ಮಾತಾಡುತ್ತಾಳೆ. ಅದು ಅವಳ ಒಳ್ಳೆಯತನ.

ಸುದ್ದಿ ಉಡುಸಲಮ್ಮನದು. ಅವಳ ಹಾಲುಹಲ್ಲು ಬಿದ್ದ ದಿನದಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಹಾಲುಹಲ್ಲು ಏನನ್ನೂ ಹೇಳುವುದಿಲ್ಲ. ಹೇಳುವುದು ಆಮೇಲೆ ಬರುವ ಹಲ್ಲು. ಮೊನ್ನೆ ನರಸಕ್ಕ ಹೇಳಿಕಳಿಸಿದಳು, ಕೆಳಗೆರಡು, ಮೇಲೆರಡು ಬಂದಿವೆ ಎಂದು. ಹೋದೆ. ಹುಡುಗಿ ಬಾಯಿ ಬಿಡಲೊಲ್ಲಳು.

“ಬಿಡೇ, ಮೇಷ್ಟ್ರು ಆರು ವರ್ಷದಿಂದ ಕಾಯ್ತಾವ್ರೆ!” ಎಂದು ನರಸಕ್ಕ ಗದರಿದಳು.

ಬಿಟ್ಟಳು. ಬೆಳಕಿಗೆ ತಿರುಗಿಸಿದೆ. ಬಿಳಿ, ಪಾಪಯ್ಯ. ಮಚ್ಚೆಯಿಲ್ಲ, ಪಟ್ಟಿಯಿಲ್ಲ. ನನ್ನ ಕಣ್ಣು ಮಂಜಾಗಿತ್ತು. ವಯಸ್ಸಿನಿಂದ ಎಂದೇ ಇಟ್ಟುಕೋ. ಕಣ್ಣನ್ನು ನಂಬದೆ, ನಯವಾಗಿದೆಯೋ ಇಲ್ಲವೋ ಸವರಿ ನೋಡೋಣವೆಂದು ಬೆರಳಿಟ್ಟೆ.

ಕಚ್ಚಿಬಿಟ್ಟಳು. ಹಾಗೆ ಹೀಗೆ ಅಲ್ಲ, ರಕ್ತ ಬರುವ ಹಾಗೆ. ಬಲಗೈ ತೋರುಬೆರಳಿಗೆ ಕಟ್ಟು ಬಿದ್ದಿದೆ. ಕಂಪೌಂಡರು ನಾಯಿಯೋ ಕೋತಿಯೋ ಎಂದು ಕೇಳಿದ. ಗುರುತು ನೋಡಯ್ಯ, ನಾಲ್ಕು ಹಲ್ಲೂ ಎಷ್ಟು ಗಟ್ಟಿಯಾಗಿ ಕೂತಿವೆ ಎಂದೆ. ಆಸ್ಪತ್ರೆಯಲ್ಲಿದ್ದವರಿಗೆಲ್ಲ ತೋರಿಸಿ ಬಂದಿದ್ದೇನೆ.

ನಿನ್ನ
ಉಗ್ರಪ್ಪ